ಮಾವನ ಹೊಗೆ, ನಾನಾ ದೇಶದ ಲೆಕ್ಕ

ಜಗತ್ತಿನ ಯಾವ ದೇಶದಲ್ಲಿ ಯಾವ ವಯಸ್ಸಿನ ಗಂಡಸರು ಯಾವ ಕಾಯಿಲೆಯಿಂದ ಸಾಯುತ್ತಾರೆಂದು ಕೇಳಿ, ಥಟ್ಟನೆ ಹೇಳುತ್ತೇನೆ. ನನ್ನ ಮನೆಯಲ್ಲಿ ನನ್ನ ಮಾತನ್ನು ಯಾರು ಕೇಳುತ್ತಾರೆಂದು ಮಾತ್ರ ಕೇಳಬೇಡಿ. ಆ ವಿಷಯದಲ್ಲಿ ಅಂಕಿಅಂಶಗಳು ಲಭ್ಯವಿಲ್ಲ.

ನಾನು ಒಂದು ವಿಮಾ ಕಚೇರಿಯ ಅಂಕಿಅಂಶ ವಿಭಾಗದಲ್ಲಿ ಕೆಲಸ ಮಾಡುವವನು. ದೇಶದೇಶಗಳಿಂದ ಬರುವ ಸಾವು ಮತ್ತು ಕಾಯಿಲೆಯ ವಿವರಗಳನ್ನು ಗುಡ್ಡೆ ಹಾಕಿ, ಒಂದರ ಪಕ್ಕ ಒಂದಿಟ್ಟು ಹೋಲಿಸಿ, ಮೇಲಿನವರಿಗೆ ಅರ್ಥವಾಗುವ ಹಾಗೆ ಬಣ್ಣಬಣ್ಣದ ಕಂಬಗಳನ್ನಾಗಿ ಮಾಡಿಕೊಡುವುದು ನನ್ನ ಉದ್ಯೋಗ. ಕಚೇರಿಯಲ್ಲಿ ನನಗೆ ‘ಸರಾಸರಿ’ ಎಂದು ಹೆಸರಿಟ್ಟಿದ್ದಾರೆ. (ಎತ್ತರ, ಸಂಬಳ, ಬುದ್ಧಿ ಮೂರರಲ್ಲೂ ಸರಿಹೊಂದುವ ಹೆಸರು ಎಂದು ಹೆಂಡತಿ ಅದನ್ನು ಸರ್ವಾನುಮತದಿಂದ ಅಂಗೀಕರಿಸಿದ್ದಾಳೆ.) ಯಾರಾದರೂ ಅವಳನ್ನು "ನಿಮ್ಮ ಯಜಮಾನರು ಏನ್ ಮಾಡ್ತಾರೆ" ಎಂದು ಕೇಳಿದರೆ "ಏನೋ ಲೆಕ್ಕ ಬರೀತಾರೆ" ಎಂದು ಹೇಳಿ ಮಾತು ಬದಲಿಸುತ್ತಾಳೆ. ಒಮ್ಮೆ ನಿಜ ಹೇಳಿದ್ದಕ್ಕೆ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಹಾಗಾದ್ರೆ ನನಗಿನ್ನೆಷ್ಟು ವರ್ಷ ಇದೆಯಪ್ಪ" ಎಂದು ಕೇಳಿದರು. ನಾನು ಪಾಪ, ಪ್ರಾಮಾಣಿಕವಾಗಿ ಉತ್ತರ ಕೊಟ್ಟೆ. ಆ ಮನೆಯವರು ಆಮೇಲೆ ನಮ್ಮನ್ನು ಯಾವ ಸಮಾರಂಭಕ್ಕೂ ಕರೆದಿಲ್ಲ.

ಇಂಥ ನನ್ನ ಮನೆಗೆ ಹೆಂಡತಿಯ ಅಪ್ಪ ಬಂದು ನೆಲೆಸಿದರು.

ಮಾವ ಕೆಲಸದ ದಿನಗಳನ್ನೆಲ್ಲ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಕಳೆದವರು. ಅತ್ತೆ ತೀರಿಕೊಂಡ ಮೇಲೆ ಮಗಳು ಹಟ ಹಿಡಿದು ಕರೆತಂದಳು. ಬರುವಾಗ ಒಂದು ಟ್ರಂಕು, ಒಂದು ಸೆಟ್ಟು ಸ್ಪ್ಯಾನರು, ಎಂಜಿನ್ನಿನ ಗದ್ದಲಕ್ಕೆ ಅರ್ಧ ಮಂದವಾದ ಎರಡು ಕಿವಿ, ಅಷ್ಟದಿಕ್ಕಿನ ಬಂದರುಗಳಲ್ಲಿ ಅಭ್ಯಾಸ ಮಾಡಿ ಗಟ್ಟಿಮಾಡಿಕೊಂಡ ಸಿಗರೇಟಿನ ಚಟ, ಇಷ್ಟನ್ನು ತಂದರು. ಮನೆಯೊಳಗೆ ಸೇದಬಾರದೆಂದು ಮಗಳು ಅಪ್ಪಣೆ ಹೊರಡಿಸಿದ್ದರಿಂದ ಅವರ ಧೂಮೋಪಾಸನೆ ಬಾಲ್ಕನಿಯಲ್ಲಿ ನಡೆಯತೊಡಗಿತು. ಬಾಲ್ಕನಿಯಲ್ಲಿ ನನ್ನ ಅಂಗಿಗಳು ಒಣಗುತ್ತವೆ. ಹುಟ್ಟಿದಾಗಿನಿಂದ ಒಂದು ಸಿಗರೇಟನ್ನೂ ಮುಟ್ಟದ ನಾನು ಕಚೇರಿಗೆ ಕಾಲಿಟ್ಟರೆ ಸುತ್ತಲಿನವರು ಮೂಗು ಅರಳಿಸುತ್ತಿದ್ದರು. "ಏನ್ ಸರಾಸರಿ, ಈ ವಯಸ್ಸಲ್ಲಿ ಶುರು ಮಾಡಿದ್ರಾ" ಎಂದು ಮೇಲಧಿಕಾರಿಗಳು ಕಾಳಜಿಯಿಂದ ವಿಚಾರಿಸಿದರು.

"ರೀ, ಅಪ್ಪನಿಗೆ ನೀವೇ ಹೇಳಿ. ನಿಮ್ಮ ಮಾತು ಕೇಳ್ತಾರೆ" ಎಂದಳು ಹೆಂಡತಿ.

"ಅವರಿಗೆ ಯಾರ ಮಾತೂ ಕೇಳಿಸೋದೇ ಇಲ್ವಲ್ಲೆ."

"ಜೋರಾಗಿ ಹೇಳಿ."

ಹೀಗೆ ಶುರುವಾಯಿತು ನನ್ನ ಘೋಷಣಾಪರ್ವ. ಒಂದು ರಜೆಯ ದಿನ ಬೆಳಗ್ಗೆ ಕಚೇರಿಯಿಂದ ತಂದ ದೊಡ್ಡ ಹಾಳೆಯೊಂದನ್ನು ಊಟದ ಮೇಜಿನ ಮೇಲೆ ಹಾಸಿದೆ. ಒಂದೊಂದು ಕಂಬ ಒಂದೊಂದು ದೇಶ. ಆ ದೇಶದಲ್ಲಿ ಸೇದುವವರು ಹೆಚ್ಚಿದ್ದಷ್ಟೂ ಕಂಬ ಉದ್ದ. ನಮ್ಮ ದೇಶದ ಕಂಬ ಹಾಳೆಯ ಅಂಚಿಗೆ ತಾಗುತ್ತಿತ್ತು. ಮಾವ ಕನ್ನಡಕ ಏರಿಸಿ, ಹಡಗಿನ ನಕ್ಷೆ ನೋಡುವ ಗಾಂಭೀರ್ಯದಿಂದ ಬಗ್ಗಿದರು.

"ಇದು ಯಾವ ದೇಶ?"

ಹೆಸರು ಹೇಳಿದೆ.

"ಓ, ಮೀನಿನ ದೇಶ." ದೇಶಗಳ ಹೆಸರು ಮಾವನಿಗೆ ಲೆಕ್ಕಕ್ಕಿಲ್ಲ. ಬಂದರಿನಲ್ಲಿ ಮೂಗಿಗೋ ಕಣ್ಣಿಗೋ ಮೊದಲು ಬಡಿದದ್ದು ಯಾವುದೋ ಅದೇ ಆ ದೇಶದ ಹೆಸರು. "ಅಲ್ಲಿ ಪಂಪು ಕೆಟ್ಟು ವಾರಗಟ್ಟಲೆ ನಿಂತಿದ್ವಿ. ಬಂದರಿನ ಗೇಟಲ್ಲಿ ಒಬ್ಬ ಕಾವಲಿನ ಮುದುಕ. ತೊಂಬತ್ತು ದಾಟಿದ್ದ. ಬಾಯಲ್ಲಿ ಸಿಗರೇಟಿಲ್ದೆ ಅವನನ್ನ ನಾನು ನೋಡೇ ಇಲ್ಲ. ನಿಮ್ಮ ಈ ಕಂಬದಲ್ಲಿ ಅವನೆಲ್ಲಿದ್ದಾನೆ ತೋರಿಸಿ ಅಳಿಯಂದ್ರೆ."

"ಒಬ್ಬರನ್ನ ನೋಡಿ ತೀರ್ಮಾನ ಮಾಡಕ್ಕಾಗಲ್ಲ ಮಾವ" ಎಂದು ಕೂಗಿದೆ. "ಇದು ಸರಾಸರಿ."

"ಈ ಸರಾಸರಿ ಅನ್ನೋ ಮನುಷ್ಯನ್ನ ನಾನು ಯಾವ ಬಂದರಲ್ಲೂ ಭೇಟಿ ಮಾಡಿಲ್ಲ."

"ಈ ಮನೇಲಿ ದಿನಾ ಮಾಡ್ತಿದ್ದೀರಲ್ಲಪ್ಪ" ಎಂದಳು ಅಡುಗೆಮನೆಯಿಂದ ಹೆಂಡತಿ.

ನಾನು ಸೋಲೊಪ್ಪಲಿಲ್ಲ. ಕಚೇರಿಯಿಂದ ಬಂದವನು ಬೂಟು ಬಿಚ್ಚುವ ಮೊದಲೇ ಒಂದು ದೇಶ ಹಿಡಿದುಕೊಂಡು ಬಾಲ್ಕನಿಗೆ ನುಗ್ಗುತ್ತಿದ್ದೆ. ಯಾವ ದೇಶ ಹಿಡಿದರೂ ಅಲ್ಲೊಬ್ಬ ದೀರ್ಘಾಯುಷಿ ಸಿಗರೇಟು ಹಚ್ಚಿಕೊಂಡು ಮಾವನಿಗಾಗಿ ಕಾಯುತ್ತಿರುತ್ತಿದ್ದ. ಮರಳಿನ ದೇಶದಲ್ಲಿ ಒಬ್ಬ ಕ್ರೇನು ಓಡಿಸುವವನು, ಗಡಿಯಾರದ ದೇಶದಲ್ಲಿ ಒಬ್ಬಳು ಅಜ್ಜಿ. ಮಾವ ಅಂಕಿಗೂ ಸಿಗಲಿಲ್ಲ, ಅಂಕೆಗೂ ಸಿಗಲಿಲ್ಲ. ಅವರ ಮಂದ ಕಿವಿಗೆ ತಲುಪಲೆಂದು ನಾನು ಏರಿಸಿದ ಧ್ವನಿ ಮಾತ್ರ ಅಕ್ಕಪಕ್ಕದ ಎಲ್ಲ ಮನೆಗಳಿಗೂ ತಲುಪಿತು. ಒಂದು ಸಂಜೆ ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು ಹಣ್ಣಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿ ಅವರ ಕಣ್ಣು ತುಂಬಿಬಂತು.

"ದಿನಾ ನೀವು ಕ್ಯಾನ್ಸರ್, ಕ್ಯಾನ್ಸರ್ ಅಂತ ಕೂಗ್ಕೊಳ್ಳೋದು ಕೇಳಿಸುತ್ತೆ. ಅಷ್ಟು ನೋವಾ? ಧೈರ್ಯವಾಗಿರಿ. ನಿಮ್ಮ ಹೆಂಡ್ತಿ ಮುಖ ನೋಡಿಯಾದ್ರೂ ತಡ್ಕೊಳ್ಳಿ" ಎಂದರು.

ಹೆಂಡತಿ ಬುಟ್ಟಿ ಇಸಿದುಕೊಂಡು, ನನ್ನ ಪರವಾಗಿ ಕೃತಜ್ಞತೆ ಸಲ್ಲಿಸಿದಳು. ಹಣ್ಣು ತಿಂದವರು ಮಾವ.

ಇಲ್ಲಿಯವರೆಗೆ ಎಲ್ಲವೂ ನಗುವ ವಿಷಯವೇ ಆಗಿತ್ತು. ಆದರೆ ಯಾವಾಗಲೋ, ಯಾವ ದಿನದಿಂದ ಎಂದು ಹೇಳಲಾರೆ, ಮಾವನ ಧ್ವನಿ ಬದಲಾಯಿತು. ಎಂಜಿನ್ನಿನ ಸದ್ದನ್ನು ಮೀರಿಸಿ ಮಾತಾಡಿ ರೂಢಿಯಾದ ಕಂಠ ಅದು. ಹಾಲಿನವನನ್ನು ಮೂರನೇ ಮಹಡಿಯಿಂದ ಕರೆದರೆ ಹಿಂದಿನ ಬೀದಿಯ ಹಾಲಿನವನೂ ತಿರುಗಿ ನೋಡುತ್ತಿದ್ದ. ಅಂಥ ಧ್ವನಿ ಗೊಗ್ಗರಾಗಿ, ಹಳೆಯ ಬಾಗಿಲು ಉಜ್ಜಿದ ಹಾಗೆ ಕೇಳಿಸತೊಡಗಿತು.

"ಶೀತ" ಎಂದರು ಮಾವ.

ಶೀತವೆಂದರೆ ವಾರದಲ್ಲಿ ಹೋಗಬೇಕು. ಇದು ಹೋಗಲಿಲ್ಲ. ಹೆಂಡತಿ ಬಿಸಿನೀರು, ಜೇನುತುಪ್ಪ, ಉಪ್ಪುನೀರಿನ ಮುಕ್ಕಳಿಕೆ ಎಲ್ಲವನ್ನೂ ಪ್ರಯೋಗಿಸಿದಳು. ಮಾವ ಬಿಸಿನೀರು ಕುಡಿದು, ಅದರ ಮೇಲೊಂದು ಸಿಗರೇಟು ಹಚ್ಚಿದರು. ಆ ವಯಸ್ಸಿನ, ಅಷ್ಟು ವರ್ಷ ಸೇದಿದ ಗಂಡಸರ ಗಂಟಲು ಹೀಗೆ ಕೂತು ಏಳದಿದ್ದರೆ ಅದು ಏನಿರಬಹುದೆಂದು ನನ್ನ ಹಾಳೆಗಳಿಗೆ ಗೊತ್ತು, ನನಗೂ ಗೊತ್ತು. ಅಷ್ಟು ದಿನ ಊರಿಗೆಲ್ಲ ಕೇಳುವಂತೆ ಕೂಗಿದ್ದ ಆ ಪದ ಈಗ ನನ್ನ ಬಾಯಿಂದ ಹೊರಡಲಿಲ್ಲ. ಹೆಂಡತಿಯೂ ಕೇಳಲಿಲ್ಲ. ಪಾತ್ರೆ ತೊಳೆಯುತ್ತಿದ್ದವಳು ಬಾಲ್ಕನಿಯಿಂದ ಕೆಮ್ಮು ಕೇಳಿದರೆ ನಲ್ಲಿ ನಿಲ್ಲಿಸಿ, ಕೆಮ್ಮು ಮುಗಿಯುವವರೆಗೆ ಹಾಗೇ ನಿಂತಿರುತ್ತಿದ್ದಳು.

"ಒಂದ್ಸಲ ಡಾಕ್ಟ್ರಿಗೆ ತೋರಿಸಿಬಿಡೋಣಪ್ಪ" ಎಂದಳು ಕೊನೆಗೊಮ್ಮೆ.

"ಎಂಜಿನ್ ಓಡ್ತಾ ಇದೆ ತಾನೆ? ಓಡ್ತಾ ಇರೋದನ್ನ ಬಿಚ್ಚಿಸೋದು ಯಾಕಮ್ಮ" ಎಂದರು ಮಾವ.

ಆಗ ನನಗೊಂದು ದಿವ್ಯ ಯೋಚನೆ ಹೊಳೆಯಿತು. ಹಾಳೆ ಬದಲಿಸಬೇಕು. ಎಷ್ಟು ಜನ ಸೇದುತ್ತಾರೆ ಎನ್ನುವುದು ಬೇಡ, ಕಾಯಿಲೆ ಬಂದವರಲ್ಲಿ ಎಷ್ಟು ಜನ ವರ್ಷಗಳ ನಂತರವೂ ಬದುಕಿರುತ್ತಾರೆ ಎನ್ನುವುದನ್ನು ದೇಶವಾರು ತೋರಿಸಿಬಿಡೋಣ. ಅದರಲ್ಲಿ ನಮ್ಮ ದೇಶದ ಕಂಬ ಮೊಣಕಾಲುದ್ದ. ಅದನ್ನು ನೋಡಿದರೆ ಎಂಥವರ ಎದೆಯೂ ಝಲ್ಲೆನ್ನಬೇಕು. ಆ ಭಾನುವಾರ ಎರಡನೇ ಹಾಳೆಯನ್ನು ಮೇಜಿನ ಮೇಲೆ ಹಾಸಿದೆ. ಮಾವ ಹಳೆಯ ಹಾಳೆಯನ್ನೂ ತರಿಸಿಕೊಂಡರು. ಎರಡನ್ನೂ ಅಂಚಿಗೆ ಅಂಚು ಸೇರಿಸಿ ಇಟ್ಟು, ಸ್ಪ್ಯಾನರಿನಿಂದ ಒಂದು ಕಂಬದ ಮೇಲೆ ಕುಟ್ಟಿದರು.

"ಇದು ಮಂಜಿನ ದೇಶ ತಾನೆ?"

"ಹೌದು."

"ಇಲ್ಲಿ ನೋಡಿದ್ರೆ ಸೇದೋರು ನಮ್ಮಷ್ಟೇ ಇದ್ದಾರೆ. ಈ ಹಾಳೇಲಿ ನೋಡಿದ್ರೆ ನಮಗಿಂತ ಎಷ್ಟೋ ಜನ ಬದುಕ್ಕೊಂಡಿದ್ದಾರೆ. ಮರಳಿನ ದೇಶ ನೋಡಿ. ಸೇದೋರೂ ಕಮ್ಮಿ, ಬದುಕೋರೂ ಕಮ್ಮಿ." ಗೊಗ್ಗರು ಧ್ವನಿಯಲ್ಲೇ ಮಾವ ಗೆಲುವಿನ ನಗೆ ನಕ್ಕರು. "ಅಂದ್ರೆ ಸಿಗರೇಟು ಆಯಸ್ಸು ಹೆಚ್ಚಿಸುತ್ತೆ ಅಂತ ನಿಮ್ಮ ಆಫೀಸೇ ಹೇಳ್ತಾ ಇದೆಯಲ್ಲ ಅಳಿಯಂದ್ರೆ."

ವೃತ್ತಿಜೀವನದಲ್ಲಿ ಎಷ್ಟೋ ಜನ ನನ್ನ ಅಂಕಿಗಳನ್ನು ತಪ್ಪಾಗಿ ಓದಿದ್ದಾರೆ. ಇಷ್ಟು ಚೆಂದವಾಗಿ ಯಾರೂ ಓದಿರಲಿಲ್ಲ. ನಾನು ಎದ್ದು ನಿಂತು, ಕೈಬೀಸಿ, ಗಂಟಲು ಹರಿಯುವಂತೆ ವಿವರಿಸಿದೆ. ಸಿಗರೇಟು ಎಲ್ಲ ದೇಶದಲ್ಲೂ ಒಂದೇ ಸಿಗರೇಟು. ಮಂಜಿನ ದೇಶದವರಿಗೂ ಅದರಿಂದ ಕಾಯಿಲೆ ಬರುತ್ತದೆ, ಬೇಕಾದಷ್ಟು ಬರುತ್ತದೆ. ಆದರೆ ಅಲ್ಲಿಯವರು ಗಂಟಲು ಸ್ವಲ್ಪ ಕರಕರ ಅಂದರೂ, ಕೆಲವು ವಾರದಲ್ಲಿ ಸರಿಹೋಗಲಿಲ್ಲವೆಂದರೆ ಡಾಕ್ಟರ ಬಾಗಿಲು ತಟ್ಟುತ್ತಾರೆ. ಕಾಯಿಲೆ ಕಡಲೆಕಾಳಿನಷ್ಟೂ ಇಲ್ಲದಿರುವಾಗಲೇ ಸಿಕ್ಕಿಬೀಳುತ್ತದೆ, ಆಗ ವಾಸಿಯಾಗುತ್ತದೆ. ನಮ್ಮವರು ನೀರು ಗಂಟಲಲ್ಲಿ ಇಳಿಯದಿದ್ದ ಮೇಲೆ ಹೋಗುತ್ತಾರೆ. ಇನ್ನು ಕೆಲವು ದೇಶಗಳಲ್ಲಿ ಸತ್ತವರ ಲೆಕ್ಕವನ್ನೇ ಸರಿಯಾಗಿ ಇಡುವುದಿಲ್ಲ, ಹಾಗಾಗಿ ಅಲ್ಲಿ ಕಾಯಿಲೆಯೇ ಇಲ್ಲವೇನೋ ಅನ್ನಿಸುತ್ತದೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಕೂಗಿ, ನಾನು ಕೆಮ್ಮತೊಡಗಿದೆ.

ಮಾವ ಯೋಚಿಸಿದರು. "ಹಾಗಾದ್ರೆ ತಪ್ಪು ಸಿಗರೇಟಿಂದಲ್ಲ. ತಡ ಮಾಡೋದು ತಪ್ಪು."

"ಎರಡೂ ತಪ್ಪು ಮಾವ."

"ಎರಡರಲ್ಲಿ ಒಂದು ಸರಿ ಮಾಡಿದ್ರೆ ಅರ್ಧ ಸರಿಯಾಯ್ತಲ್ಲ. ನಡೀರಿ, ನಾಳೆನೇ ಡಾಕ್ಟ್ರ ಹತ್ರ ಹೋಗೋಣ. ಗಂಟಲು ಚೆನ್ನಾಗಿದೆ, ಸೇದಬಹುದು ಅಂತ ಅವರ ಬಾಯಿಂದಲೇ ಹೇಳಿಸ್ತೀನಿ. ಆಮೇಲೆ ಈ ಮನೇಲಿ ಯಾರೂ ಕೂಗೋಹಾಗಿಲ್ಲ."

"ಅದಲ್ಲ ಮಾವ, ನಾನು ಹೇಳಿದ್ದು" ಎಂದು ಶುರುಮಾಡಿದೆ. ಮೇಜಿನ ಕೆಳಗೆ ಹೆಂಡತಿ ನನ್ನ ತೊಡೆಯನ್ನು ಎಷ್ಟು ಬಿಗಿಯಾಗಿ ಚಿವುಟಿದಳೆಂದರೆ ವಾಕ್ಯ ಅಲ್ಲಿಗೇ ನಿಂತಿತು. ವಾದದಲ್ಲಿ ಸೋತದ್ದು ಹೇಗೆಂದು ನಾನು ಹುಡುಕುತ್ತಿದ್ದೆ. ಅಪ್ಪ ಆಸ್ಪತ್ರೆಗೆ ಹೊರಟರು ಎಂಬುದಷ್ಟೇ ಅವಳಿಗೆ ಸಾಕಾಗಿತ್ತು.

ಗಂಟಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದಾರದಂಥ ಒಂದು ಕೊಳವೆಯ ತುದಿಯಲ್ಲಿ ಕ್ಯಾಮೆರಾ ಕೂಡಿಸಿ ಮಾವನ ಮೂಗಿನಿಂದ ಗಂಟಲಿಗೆ ಇಳಿಸಿದರು. ಪರದೆಯ ಮೇಲೆ ಗಂಟಲಿನ ಒಳಭಾಗ ಮೂಡಿತು. ನಾನು ಮುಖ ಆಚೆ ತಿರುಗಿಸಿದೆ. ಮಾವನಿಗೆ ಮಾತ್ರ ಹೊಸ ಎಂಜಿನ್ ಸಿಕ್ಕಷ್ಟು ಖುಷಿ. ಮೂಗಿನಲ್ಲಿ ಕೊಳವೆ ಇರುವಂತೆಯೇ ಬೆರಳಿನಿಂದ ಪರದೆಯನ್ನು ತೋರಿಸಿ ಕೇಳಿದರು.

"ಈ ಎರಡು ಪಟ್ಟಿ ಸೇರ್ಕೊಂಡು ಬಿಟ್ಕೊಂಡು ಮಾಡ್ತಾವಲ್ಲ, ಅದರಿಂದಲೇ ಏನಮ್ಮ ಸದ್ದು ಬರೋದು?"

"ಹೌದು ತಾತ."

"ಈ ಕಡೆಯದ್ದರ ಅಂಚಲ್ಲಿ ಏನೋ ಕೂತಿದೆಯಲ್ಲ. ಅದಕ್ಕೇ ಸರಿಯಾಗಿ ಮುಚ್ಕೊಳ್ತಿಲ್ಲ."

ಡಾಕ್ಟರು ಕೊಳವೆಯನ್ನು ಇನ್ನಷ್ಟು ಹತ್ತಿರ ಸರಿಸಿದರು. ಆಮೇಲೆ, "ನಾನೂ ಅದನ್ನೇ ನೋಡ್ತಾ ಇದ್ದೀನಿ" ಎಂದರು.

ಅಲ್ಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ಆ ದಿನಗಳಲ್ಲಿ ನಮ್ಮ ಮನೆ ಎಷ್ಟು ಮೌನವಾಗಿತ್ತೆಂದರೆ ಬಟ್ಟೆ ಹೊಲಿಯುವ ಹೆಂಗಸು ಮತ್ತೆ ಮೇಲೆ ಬಂದು ನಾನು ಇದ್ದೇನೋ ಇಲ್ಲವೋ ಎಂದು ಬಾಗಿಲ ಸಂದಿಯಲ್ಲಿ ಇಣುಕಿ ಹೋದರು. ಒಂದು ಸಂಜೆ ಬಾಲ್ಕನಿಗೆ ಹೋದೆ. ಮಾವ ನನ್ನ ಅಂಗಿಗಳ ನಡುವೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಸಿಗರೇಟಿತ್ತು, ಹಚ್ಚಿರಲಿಲ್ಲ.

"ಅಳಿಯಂದ್ರೆ, ಆ ಎರಡನೇ ಹಾಳೇಲಿ ನಮ್ಮ ಕಂಬ ತುಂಬ ಗಿಡ್ಡ, ಅಲ್ವಾ?"

ಜೀವಮಾನದಲ್ಲಿ ಮೊದಲ ಸಲ ಒಬ್ಬರು ನನ್ನ ಅಂಕಿಯನ್ನು ತಾವಾಗಿಯೇ ಕೇಳಿದ್ದರು. ನನಗೆ ಅದನ್ನು ಹೇಳುವ ಮನಸ್ಸಿರಲಿಲ್ಲ. ಅವರ ಪಕ್ಕ ನೆಲದ ಮೇಲೆ ಕುಳಿತೆ.

"ಅದರಲ್ಲಿ ತಡ ಮಾಡ್ದೋರೆಲ್ಲ ಸೇರಿದ್ದಾರೆ ಮಾವ. ಬೇಗ ಬಂದೋರದ್ದು ಬೇರೆ ತೆಗೆದು ನೋಡಿದ್ರೆ, ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಚೆನ್ನಾಗೇ ಇರ್ತಾರೆ."

"ಮಂಜಿನ ದೇಶದಲ್ಲಾ?"

"ಇಲ್ಲೂ ಅಷ್ಟೆ."

ಇಷ್ಟನ್ನೂ ನಾನು ಮೆಲ್ಲಗೇ ಹೇಳಿದ್ದೆ. ಅವರಿಗೆ ಎಲ್ಲ ಕೇಳಿಸಿತ್ತು. ಮಾವ ತಲೆಯಾಡಿಸಿದರು. ಸಿಗರೇಟನ್ನು ಪ್ಯಾಕೆಟ್ಟಿಗೆ ಹಿಂದಿಟ್ಟು, "ಅವಳಿಗೆ ಅಮ್ಮ ಹೋಗಿ ಇನ್ನೂ ಬಹಳ ದಿನ ಆಗಿಲ್ಲ" ಎಂದರು. ನಾನು ಹೂಂ ಎಂದೆ. ನನ್ನ ಕಣ್ಣು ಒದ್ದೆಯಾದದ್ದಕ್ಕೆ ಆ ಹೊತ್ತು ಹೊಗೆಯ ನೆಪವೂ ಇರಲಿಲ್ಲ.

ಫಲಿತಾಂಶ ಬಂತು. ಕ್ಯಾನ್ಸರೇ. ಆದರೆ ಇನ್ನೂ ಎಳೆಯದು, ಅಂಚು ಬಿಟ್ಟು ಆಚೆ ಹೋಗಿಲ್ಲ, ವಿಕಿರಣ ಚಿಕಿತ್ಸೆಯಲ್ಲಿ ವಾಸಿಯಾಗುವ ಸಾಧ್ಯತೆ ತುಂಬ ಚೆನ್ನಾಗಿದೆ ಎಂದರು ಡಾಕ್ಟರು. ಹೆಂಡತಿ ನನ್ನ ತೋಳು ಹಿಡಿದುಕೊಂಡಿದ್ದಳು. ಹಿಡಿತ ಸಡಿಲವಾದಾಗಲೇ ಅದು ಎಷ್ಟು ಬಿಗಿಯಾಗಿತ್ತೆಂದು ನನಗೆ ಗೊತ್ತಾದದ್ದು.

"ಇಷ್ಟು ಬೇಗ ಬರೋರು ಕಮ್ಮಿ ತಾತ. ಯಾರು ಹೇಳಿ ಕಳಿಸಿದ್ದು ನಿಮಗೆ?"

ನಾನು ಅಂಗಿಯ ಕಾಲರು ಸರಿಮಾಡಿಕೊಂಡು ಸ್ವಲ್ಪ ಮುಂದೆ ಬಂದೆ.

"ಯಾರೂ ಕಳಿಸಿಲ್ಲಮ್ಮ, ನಾನೇ ಬಂದೆ" ಎಂದರು ಮಾವ. "ಮಂಜಿನ ದೇಶದಲ್ಲಿ ಎಲ್ಲರೂ ಹೀಗೇ ಮಾಡ್ತಾರೆ."

(ನಾನು ಒಂದು ಹೆಜ್ಜೆ ಹಿಂದೆ ಸರಿದೆ.)

ಸೇದುತ್ತಿದ್ದರೆ ಚಿಕಿತ್ಸೆ ಅಷ್ಟಾಗಿ ನಾಟುವುದಿಲ್ಲ, ಕಾಯಿಲೆ ಮತ್ತೆ ಬರುವ ಭಯವೂ ಹೆಚ್ಚು ಎಂದು ಡಾಕ್ಟರು ಕೂಗದೆ, ಕಂಬ ತೋರಿಸದೆ, ಎರಡೇ ಮಾತಿನಲ್ಲಿ ಹೇಳಿದರು. ಮಾವ ಮನೆಗೆ ಬರುವ ದಾರಿಯುದ್ದಕ್ಕೂ ಟ್ಯಾಕ್ಸಿಯ ಕಿಟಕಿಯಾಚೆ ನೋಡುತ್ತಿದ್ದರು. ಮನೆ ತಲುಪಿದ ಮೇಲೆ ಜೇಬಿನಿಂದ ಪ್ಯಾಕೆಟ್ಟು ತೆಗೆದು ಮಗಳ ಕೈಗೆ ಕೊಟ್ಟರು.

"ಹಡಗಿಗೆ ಎಣ್ಣೆ ತುಂಬಿಸೋವಾಗ ಯಾರೂ ಕಡ್ಡಿ ಗೀರೋಹಾಗಿಲ್ಲ. ಈಗ ತುಂಬಿಸ್ತಾ ಇದ್ದಾರೆ ಅಂದ್ಕೋತೀನಿ" ಎಂದರು. ನಾನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡರೂ ಬಿಡದ ಸಿಗರೇಟು ಹೀಗೆ ಬಿಟ್ಟುಹೋಯಿತು.

ಬಿಟ್ಟುಹೋಯಿತು ಎಂದು ಸುಲಭವಾಗಿ ಬರೆದುಬಿಟ್ಟೆ. ಮೊದಲ ಕೆಲವು ವಾರ ಮಾವನ ಕೈಗಳು ಒಂದೆಡೆ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಕೆಟ್ಟದ್ದನ್ನೆಲ್ಲ ಬಿಚ್ಚಿ ರಿಪೇರಿ ಮಾಡಿದರು. ಕೆಟ್ಟದ್ದು ಮುಗಿದ ಮೇಲೆ ಚೆನ್ನಾಗಿದ್ದದ್ದನ್ನು ಬಿಚ್ಚತೊಡಗಿದರು. ಫ್ಯಾನು ಎರಡು ದಿನ ನೆಲದ ಮೇಲೆ ಮಲಗಿತ್ತು. ಬೆಳಗ್ಗೆ ನಾನು ಕಚೇರಿಗೆ ಹೊರಟರೆ ಬಾಗಿಲಿಗೆ ಚಿಲಕವಿರುತ್ತಿರಲಿಲ್ಲ, ಸಂಜೆ ಬಂದರೆ ಎರಡು ಚಿಲಕ ಇರುತ್ತಿದ್ದವು. ಹೆಂಡತಿ ಲವಂಗದ ಡಬ್ಬಿಯನ್ನು ಅಪ್ಪನ ಸ್ಪ್ಯಾನರುಗಳ ಪಕ್ಕದಲ್ಲಿಟ್ಟು, ಅದು ಖಾಲಿಯಾದಾಗಲೆಲ್ಲ ತುಂಬಿಸುತ್ತಿದ್ದಳು.

ಚಿಕಿತ್ಸೆ ಸಾಗಿದಂತೆ ಗಂಟಲು ಹುಣ್ಣಾಗಿ ಮಾವನ ಮಾತು ಪೂರ್ತಿ ನಿಂತಿತು. ಇಲ್ಲೊಂದು ಸತ್ಯವನ್ನು ನಿಮ್ಮ ಮುಂದೆ ಇಡಬೇಕು. ನನಗೆ ಅವರ ಬಗ್ಗೆ ಮರುಕವಿತ್ತು. ಅದರ ಜೊತೆಗೆ, ಎದುರು ಮಾತಾಡಲಾಗದ ಒಬ್ಬ ಶ್ರೋತೃ ಮನೆಯಲ್ಲೇ ಸಿಕ್ಕ ಸುಖವೂ ಇತ್ತು. ನೀರು ಕುಡಿಯಿರಿ ಎಂದು ಕೂಗಿದೆ. ಮಾತಾಡಬೇಡಿ ಎಂದು ಕೂಗಿದೆ. ಯಾವ ದೇಶದಲ್ಲಿ ಎಷ್ಟನೇ ವಾರಕ್ಕೆ ನೋವು ಇಳಿಯುತ್ತದೆ, ಬಿಟ್ಟವರ ಆಯಸ್ಸು ಎಷ್ಟೆಷ್ಟು ಬೆಳೆಯುತ್ತದೆ ಎಂದು ಬೆಳಗ್ಗೆ ಕೂಗಿದ್ದನ್ನೇ ಸಂಜೆಯೂ ಕೂಗಿದೆ. ಮಾವ ಕಣ್ಣುಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ಹಿತವಾಗಿದೆ ಎಂದು ನಾನು ತಿಳಿದಿದ್ದೆ.

ಚಿಕಿತ್ಸೆ ಮುಗಿದು, ಹುಣ್ಣು ಮಾಯ್ದು, ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವರ ಧ್ವನಿ ಮರಳಿತು. "ಉಪ್ಪು ಕಮ್ಮಿ" ಎಂದರು, ಸ್ಪಷ್ಟವಾಗಿ. ಹೆಂಡತಿ ಉಪ್ಪು ತರಲು ಅಡುಗೆಮನೆಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಬಂದಾಗ ಮೂಗು ಕೆಂಪಾಗಿತ್ತು, ಕೈಯಲ್ಲಿ ಸಕ್ಕರೆ ಡಬ್ಬಿ ಇತ್ತು. ಮಾವ ಅದನ್ನೇ ಒಂದು ಚಿಟಿಕೆ ಹಾಕಿಕೊಂಡು, ಈಗ ಸರಿಹೋಯ್ತು ಎಂದು ಉಂಡರು.

ಇಲ್ಲಿಗೆ ಕಥೆ ಮುಗಿದಿದ್ದರೆ ನನಗೆ ಒಳ್ಳೆಯದಿತ್ತು.

"ರೀ, ನಿಮ್ಮ ಗಂಟಲು ಕೂತು ಎಷ್ಟು ದಿನ ಆಯ್ತು?" ಎಂದಳು ಹೆಂಡತಿ ಒಂದು ಬೆಳಗ್ಗೆ.

"ಶೀತ" ಎಂದೆ. ಹಳೆಯ ಬಾಗಿಲು ಉಜ್ಜಿದ ಹಾಗೆ ಕೇಳಿಸಿತು. ಮಾವ ಪತ್ರಿಕೆಯನ್ನು ಕೆಳಗಿಳಿಸಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

ನಾನು ಕೆಲಸ ಜಾಸ್ತಿ ಎಂದೆ. ಮುಂದಿನ ತಿಂಗಳು ಹೋದರಾಯ್ತು ಎಂದೆ. ಬಿಸಿನೀರು ಕುಡಿದರೆ ಸರಿಹೋಗುತ್ತದೆ ಎಂದೆ. ಯಾರಿಗೂ ತಿಳಿಯದ ಹಾಗೆ ಕಚೇರಿಯಲ್ಲಿ, ನನ್ನ ವಯಸ್ಸಿನ, ಸಿಗರೇಟು ಸೇದದ ಗಂಡಸರ ಕಂಬವನ್ನು ತೆಗೆದು ನೋಡಿದೆ. ಅದು ನೆಲಕ್ಕೆ ಅಂಟಿಕೊಂಡಂತೆ ಪುಟ್ಟದಾಗಿತ್ತು. ಬೇರೆ ಯಾರಾದರೂ ಕೇಳಿದ್ದರೆ ಹೆದರಬೇಕಾದ್ದೇ ಇಲ್ಲ ಎನ್ನುತ್ತಿದ್ದೆ. ಆದರೆ ಆ ಪುಟ್ಟ ಕಂಬದೊಳಗೆ ಎಲ್ಲಿ ನೋಡಿದರೂ ನಾನೇ ಕಾಣುತ್ತಿದ್ದೆ. ಡಾಕ್ಟರ ಹತ್ತಿರ ಹೋಗುವ ದಾರಿಯನ್ನು ಲೋಕಕ್ಕೆಲ್ಲ ತೋರಿಸಿದ ನನ್ನ ಕಾಲುಗಳು ಆ ಕಡೆ ಏಳಲಿಲ್ಲ.

ಮಾವ ನನ್ನ ಜೊತೆ ವಾದ ಮಾಡಲಿಲ್ಲ. ಶನಿವಾರ ಬೆಳಗ್ಗೆ ಟ್ಯಾಕ್ಸಿ ತರಿಸಿದರು. ಒಂದು ಕಡೆ ಹೆಂಡತಿ, ಒಂದು ಕಡೆ ಮಾವ, ನಡುವೆ ನಾನು. ಪೊಲೀಸರು ಕಳ್ಳನನ್ನು ಕರೆದೊಯ್ಯುವಾಗ ಕೂರಿಸುವ ಹಾಗೆ. ಮೆಟ್ಟಿಲ ಬಳಿ ಬಟ್ಟೆ ಹೊಲಿಯುವ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅದೇ ಡಾಕ್ಟರು, ಅದೇ ಕೊಳವೆ, ಅದೇ ಪರದೆ. ಈ ಸಲವೂ ಪರದೆಯನ್ನು ಆಸಕ್ತಿಯಿಂದ ನೋಡಿದವರು ಮಾವನೇ. ನಾನು ಹೆಂಡತಿಯ ಕೈ ಹಿಡಿದು ಕಣ್ಣುಮುಚ್ಚಿದ್ದೆ.

"ಎರಡೂ ಕಡೆ ಗಂಟಿದೆ" ಎಂದರು ಡಾಕ್ಟರು.

ಹೆಂಡತಿಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ.

"ಹೆದರಬೇಡಿ, ಕ್ಯಾನ್ಸರಲ್ಲ. ಚರ್ಮ ಜಡ್ಡುಗಟ್ಟುತ್ತಲ್ಲ, ಹಾಗೆ. ತುಂಬ ಕೂಗೋರಿಗೆ ಬರುತ್ತೆ. ನೀವೇನು ಮೇಷ್ಟ್ರಾ?"

ತಲೆಯಲ್ಲಾಡಿಸಿದೆ.

"ಹಾಡ್ತೀರಾ? ಬೀದಿ ಮೇಲೆ ವ್ಯಾಪಾರ ಮಾಡ್ತೀರಾ?"

"ಇಲ್ಲ ಡಾಕ್ಟ್ರೆ" ಎಂದಳು ಹೆಂಡತಿ. "ಸಿಗರೇಟು ಸೇದಬೇಡಿ ಅಂತ ಕೂಗ್ತಾರೆ."

ಡಾಕ್ಟರು ನನ್ನನ್ನು ನೋಡಿದರು, ಮಾವನನ್ನು ನೋಡಿದರು, ಆಮೇಲೆ ಮೇಜಿನ ಖಾನೆಯಲ್ಲಿ ಏನೋ ಹುಡುಕುವವರ ಹಾಗೆ ಬಗ್ಗಿ ಬಹಳ ಹೊತ್ತು ಮೇಲೇಳಲಿಲ್ಲ. ಎದ್ದ ಮೇಲೆ ತೀರ್ಪು ಕೊಟ್ಟರು. ಕೆಲವು ವಾರ ಸಂಪೂರ್ಣ ಮೌನ. ಪಿಸುಮಾತೂ ಕೂಡದು, ಅದರಿಂದ ಇನ್ನೂ ಕೆಡುಕು. ಮಾವ ನನ್ನ ಬೆನ್ನು ತಟ್ಟಿ, "ಮದುವೇಲಿ ಒಂದು ಗಂಟು ಹಾಕ್ಸಿದೆ ಅಳಿಯಂದ್ರೆ. ಗಂಟಲಲ್ಲಿ ಎರಡು ಗಂಟು ಬೀಳೋಹಾಗೆ ಮಾಡಿದ್ದೂ ನಾನೇ ಆದೆ" ಎಂದರು. ನಿಜವಾಗಿಯೂ ನೊಂದುಕೊಂಡೇ ಹೇಳಿದರು. ಉತ್ತರ ಕೊಡಲು ನನಗೆ ಅಪ್ಪಣೆ ಇರಲಿಲ್ಲ.

ಆ ವಾರವೇ ನಮ್ಮ ಕಚೇರಿಯ ಆರೋಗ್ಯ ದಿನ. ನೌಕರರೂ ಮನೆಯವರೂ ಸೇರುವ ಸಭೆಯಲ್ಲಿ ಹೊಗೆ ಮತ್ತು ದೇಶಗಳ ಬಗ್ಗೆ ನಾನು ಉಪನ್ಯಾಸ ಕೊಡಬೇಕೆಂದು ಮೊದಲೇ ನಿಗದಿಯಾಗಿತ್ತು. ನನ್ನ ವೃತ್ತಿಜೀವನದ ಏಕೈಕ ವೇದಿಕೆ. ಮೇಲಧಿಕಾರಿಗಳಿಗೆ ಹೆಂಡತಿ ಫೋನು ಮಾಡಿ ವಿಷಯ ತಿಳಿಸಿದಾಗ ಅವರು ಕಿಂಚಿತ್ತೂ ವ್ಯಥೆಪಡದೆ, ಬೇರೆ ಯಾರಾದರೂ ಇದ್ದಾರೆಯೇ ಎಂದರು. "ನಮ್ಮಪ್ಪ ಇದ್ದಾರೆ" ಎಂದಳು.

ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವೇದಿಕೆ ಹತ್ತಿದರು. ನನ್ನ ಎರಡು ಹಾಳೆಗಳನ್ನು ಹಿಂದಿನ ಗೋಡೆಗೆ ನಾನೇ ಅಂಟಿಸಿ ಬಂದು ಮೊದಲ ಸಾಲಿನಲ್ಲಿ ಹೆಂಡತಿಯ ಪಕ್ಕ ಕುಳಿತೆ. ಮೈಕು ಬೇಡವೆಂದು ಮಾವ ಪಕ್ಕಕ್ಕೆ ಸರಿಸಿದರು. ಆ ಕಂಠ ಪೂರ್ತಿ ಮೊದಲಿನಂತೆ ಆಗಿರಲಿಲ್ಲ, ಸಭಾಂಗಣಕ್ಕೆ ಮಾತ್ರ ಸಾಕಾಗಿತ್ತು.

"ಎಲ್ಲ ದೇಶದಲ್ಲೂ ಸೇದಿದ್ದೀನಿ. ಬೇಗ ಡಾಕ್ಟ್ರ ಹತ್ರ ಹೋದೆ, ಉಳ್ಕೊಂಡೆ. ಸೇದದೇ ಇದ್ದಿದ್ರೆ ಹೋಗೋ ಕೆಲಸವೇ ಇರ್ತಿರಲಿಲ್ಲ. ಇದನ್ನ ಯಾರೂ ನನಗೆ ಕೂಗಿ ಹೇಳಿಕೊಟ್ಟಿದ್ದಲ್ಲ. ಆಸ್ಪತ್ರೇಲಿ ನನ್ನ ಪಕ್ಕ ಕೂತಿರ್ತಿದ್ದೋರನ್ನ ನೋಡಿ ನಾನೇ ಹೇಳ್ತಾ ಇದ್ದೀನಿ. ತಡವಾಗಿ ಬಂದೋರು ಅವರು." ಹೆಂಡತಿ ಅಪ್ಪನನ್ನೇ ನೋಡುತ್ತಿದ್ದಳು. ಮಾವ ನನ್ನ ಕಡೆ ಕೈಚಾಚಿದರು. "ಇವರು ನಮ್ಮ ಅಳಿಯಂದಿರು. ಇವತ್ತಿನವರೆಗೂ ಒಂದು ಸಿಗರೇಟು ಮುಟ್ಟಿಲ್ಲ. ನನ್ನ ಸಿಗರೇಟಿಗೆ ಕೂಗಿ ಕೂಗಿ ಅವರ ಗಂಟಲು ಹೋಯ್ತು. ಮನೇಲಿ ಸೇದೋರು ಯಾರಾದ್ರೂ ಇದ್ರೆ, ನಿಮಗೋಸ್ಕರ ಬಿಡದಿದ್ರೂ ಇಂಥೋರಿಗೋಸ್ಕರವಾದ್ರೂ ಬಿಡಿ."

ನಗುವಿನ ಅಲೆ ಹಿಂದಿನ ಸಾಲಿನಿಂದ ಎದ್ದು ಮೊದಲ ಸಾಲಿಗೆ ಬಂದು ನನ್ನ ಮೇಲೆ ಒಡೆಯಿತು. ನಾನು ಎದ್ದು ನಮಸ್ಕಾರ ಮಾಡಿ ಕುಳಿತೆ. ಇದನ್ನು ಸಹಿಸಿಕೊಂಡೆ, ಒಳಗೊಳಗೆ ಸ್ವಲ್ಪ ಸಂತೋಷವನ್ನೂ ಪಟ್ಟೆ. ಆದರೆ ಮಾವ ಅಲ್ಲಿಗೇ ನಿಲ್ಲಿಸಲಿಲ್ಲ. ಗೋಡೆಯ ಕಡೆ ತಿರುಗಿದರು. ಕನ್ನಡಕ ಮನೆಯಲ್ಲಿ ಉಳಿದಿತ್ತು. ಸೇದುವವರ ಹಾಳೆಯಲ್ಲಿ ಅಂಚಿಗೆ ತಾಗುತ್ತಿದ್ದ ನಮ್ಮ ಕಂಬದ ಮೇಲೆ ಅಂಗೈಯಿಟ್ಟು ಘೋಷಿಸಿದರು.

"ಈ ಉದ್ದ ಕಂಬ ನೋಡಿ. ಇದು ನಾವು. ಹೋದ್ಸಲ ನೋಡಿದಾಗ ಗಿಡ್ಡ ಇತ್ತು, ಈಗ ಬೆಳೆದಿದೆ. ಕ್ಯಾನ್ಸರಿಂದ ಬದುಕಿ ಬರೋದ್ರಲ್ಲಿ ನಾವೇ ಎಲ್ಲರಿಗಿಂತ ಮುಂದೆ."

ಸಭಾಂಗಣ ಚಪ್ಪಾಳೆಯಿಂದ ನಡುಗಿತು. ಮೇಲಧಿಕಾರಿಗಳು ಎದ್ದು ನಿಂತು ತಟ್ಟಿದರು. ಆ ಇಡೀ ಸಭೆಯಲ್ಲಿ ಅದು ಯಾವ ಕಂಬವೆಂದು ಗೊತ್ತಿದ್ದವನು ನಾನೊಬ್ಬನೇ. ಕುರ್ಚಿಯಿಂದ ಪುಟಿದೆದ್ದು, ಕೈಯೆತ್ತಿ, ಬಾಯಿ ತೆರೆದೆ.

"ಕೂತ್ಕೊಳ್ಳಿ ಅಳಿಯಂದ್ರೆ" ಎಂದು ಮಾವ ವೇದಿಕೆಯಿಂದ ಗುಡುಗಿದರು. "ಡಾಕ್ಟ್ರು ಏನು ಹೇಳಿದ್ದಾರೆ?"

"ಕೂತ್ಕೊಳ್ಳಿ ಸರಾಸರಿ" ಎಂದರು ಮೇಲಧಿಕಾರಿಗಳು.

ಹೆಂಡತಿ ನನ್ನ ಅಂಗಿಯ ತುದಿ ಹಿಡಿದು ಮೆಲ್ಲಗೆ ಕೆಳಕ್ಕೆಳೆದಳು. ಕುಳಿತೆ. ಆ ಸಂತೋಷದ ಸುದ್ದಿ ಫೋಟೋ ಸಮೇತ ಕಚೇರಿಯ ಎಲ್ಲ ಶಾಖೆಗಳಿಗೂ ಹೋಗಿದೆಯಂತೆ, ಕೆಳಗಡೆ ಅಂಕಿಅಂಶ ವಿಭಾಗದ ಕೃಪೆ ಎಂದು ನನ್ನ ಹೆಸರಿದೆಯಂತೆ. ತಪ್ಪನ್ನು ಮೇಲಿನವರಿಗೆ ವಿವರಿಸಿ ಹೇಳಬೇಕು. ಬಾಯಿ ತೆರೆಯಲು ಡಾಕ್ಟರ ಅಪ್ಪಣೆ ಇನ್ನೂ ಸಿಕ್ಕಿಲ್ಲ.